ಓಪ್ರಾ ವಿನ್‌ಫ್ರೇ: ನಿರೂಪಕಿಯೇ ಕಾರ್ಯಕ್ರಮದ ಒಡತಿಯಾದ ಕಥೆ

ಪ್ರಶ್ನೆ: ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಊರು ಹಾವೇರಿ ಕಡೆ. ಟಿವಿ ನಿರೂಪಕಿ ಆಗಬೇಕು ಅಂತ ಆಸೆ ಇದೆ. ತರಗತಿಯಲ್ಲಿ ಓಪ್ರಾ ವಿನ್‌ಫ್ರೇ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ. ಆದರೆ ‘ಬಡತನದಲ್ಲಿ ಹುಟ್ಟಿ ದೊಡ್ಡ ಶ್ರೀಮಂತೆಯಾದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಬರೀ ಮಾತಾಡಿ ಅಷ್ಟು ದುಡ್ಡು ಮಾಡೋಕೆ ಆಗುತ್ತಾ? ಅವರ ದಾನದಿಂದ ನಿಜಕ್ಕೂ ಯಾರಿಗಾದರೂ ಉಪಯೋಗ ಆಯಿತಾ, ಇಲ್ಲ ಅದೂ ಪ್ರಚಾರವಾ? ನನ್ನಂಥವರು ಅವರಿಂದ ಏನು ಕಲಿಯಬಹುದು?

ಉತ್ತರ: ಮೊದಲ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಬರೀ ಮಾತಾಡಿ ಅಷ್ಟು ದುಡ್ಡು ಆಗುವುದಿಲ್ಲ. ಚೆನ್ನಾಗಿ ಮಾತಾಡುವವರು ಅಮೆರಿಕದ ಟಿವಿಯಲ್ಲಿ ಆಗಲೂ ಬೇಕಾದಷ್ಟು ಮಂದಿ ಇದ್ದರು. ಓಪ್ರಾ ತಾವು ಮಾತಾಡುತ್ತಿದ್ದ ಕಾರ್ಯಕ್ರಮದ ಹಕ್ಕನ್ನೇ ತಮ್ಮ ಹೆಸರಿಗೆ ಮಾಡಿಕೊಂಡರು. ದುಡ್ಡು ಬಂದಿದ್ದು ಅಲ್ಲಿಂದ. ದಾನ ಮಾಡುವ ಶಕ್ತಿ ಬಂದಿದ್ದೂ ಅಲ್ಲಿಂದಲೇ. ನಾನು ಬಹಳ ವರ್ಷ ಟಿವಿ ಕಾರ್ಯಕ್ರಮಗಳ ಹಿಂದೆ ಕೆಲಸ ಮಾಡಿ, ಈಗ ಪಾಠ ಹೇಳುತ್ತಿರುವವಳು. ಈ ಒಂದು ಸಂಗತಿಯನ್ನು ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳುವುದಿಲ್ಲ ಅಂತ ನನಗೆ ಸಂಕಟ ಇದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಓಪ್ರಾ ಹುಟ್ಟಿದ್ದು 1954ರ ಜನವರಿ 29ರಂದು, ಮಿಸಿಸಿಪ್ಪಿ ರಾಜ್ಯದ ಕೊಸಿಯಸ್ಕೊ ಎಂಬ ಸಣ್ಣ ಊರಿನಲ್ಲಿ. ಅಲ್ಲಿ ಕಪ್ಪು ವರ್ಣೀಯರಿಗೆ ಬೇರೆ ಶಾಲೆ, ಬೇರೆ ಬಾಗಿಲು ಇದ್ದ ಕಾಲ ಅದು. ಮಗುವಿಗೆ ಬೈಬಲಿನ ರೂತಳ ಕಥೆಯಲ್ಲಿ ಬರುವ ‘ಒರ್ಪಾ’ ಎಂಬ ಹೆಸರಿಟ್ಟರು. ಕರೆಯುವವರ ಬಾಯಲ್ಲಿ ಅದು ತಿರುಗಿ ‘ಓಪ್ರಾ’ ಆಯಿತು. ತಾಯಿ ವರ್ನೀಟಾ ಲೀ ಇನ್ನೂ ಹದಿಹರೆಯದ ಹುಡುಗಿ, ಮನೆಗೆಲಸ ಮಾಡುತ್ತಿದ್ದವರು. ಮದುವೆ ಆಗಿರಲಿಲ್ಲ. ಹಾಗಾಗಿ ಮೊದಲ ಆರು ವರ್ಷ ಮಗು ಬೆಳೆದಿದ್ದು ಅಜ್ಜಿ ಹ್ಯಾಟಿ ಮೇ ಲೀ ಅವರ ಹತ್ತಿರ. ಆಲೂಗಡ್ಡೆ ಚೀಲದ ಬಟ್ಟೆಯಲ್ಲಿ ಹೊಲಿದ ಅಂಗಿ ಹಾಕುತ್ತಿದ್ದಳು ಅಂತ ಊರ ಮಕ್ಕಳು ಅಣಕಿಸುತ್ತಿದ್ದರಂತೆ. ಆದರೆ ಅಜ್ಜಿ ಮೂರು ವರ್ಷಕ್ಕೇ ಓದು ಕಲಿಸಿದರು. ಚರ್ಚಿನಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಬೈಬಲಿನ ವಚನ ಹೇಳಿಸಿದರು. ಜನರ ಮುಂದೆ ನಿಂತು ಅಂಜದೆ ಮಾತಾಡುವ ಅಭ್ಯಾಸ ಅಲ್ಲೇ ಶುರುವಾಗಿದ್ದು.

ಆ ಅಜ್ಜಿಯ ಬಗ್ಗೆ ಓಪ್ರಾ ಒಂದು ನೆನಪು ಹೇಳುತ್ತಾರೆ. ಅಜ್ಜಿ ಹಿತ್ತಲಲ್ಲಿ ದೊಡ್ಡ ಕಡಾಯಿ ಇಟ್ಟು ಬಟ್ಟೆ ಕುದಿಸುತ್ತಿದ್ದರು. ಮೊಮ್ಮಗಳನ್ನು ಕರೆದು, ಚೆನ್ನಾಗಿ ನೋಡಿಟ್ಟುಕೋ, ಮುಂದೆ ನೀನೂ ಇದನ್ನೇ ಮಾಡಬೇಕು ಎಂದರಂತೆ. ಅಜ್ಜಿಗೆ ಗೊತ್ತಿದ್ದ ಲೋಕದಲ್ಲಿ ಮೊಮ್ಮಗಳಿಗೆ ಬಯಸಬಹುದಾದ ದೊಡ್ಡ ಭಾಗ್ಯ ಅಷ್ಟೇ, ಒಳ್ಳೆಯ ಬಿಳಿಯರ ಮನೆಯಲ್ಲಿ ಕೆಲಸ. ಇಲ್ಲ, ನನ್ನ ಬದುಕು ಹೀಗಿರುವುದಿಲ್ಲ ಅಂತ ಆ ಪುಟ್ಟ ಹುಡುಗಿಗೆ ಆಗಲೇ ಅನ್ನಿಸಿತ್ತಂತೆ.

ಆಮೇಲಿನ ಕೆಲವು ವರ್ಷ ಕಷ್ಟದ್ದು. ಮಿಲ್ವಾಕೀ ನಗರದಲ್ಲಿ ತಾಯಿಯ ಜೊತೆ ಇದ್ದಾಗ, ಒಂಬತ್ತನೇ ವಯಸ್ಸಿನಿಂದ ಮನೆಯ ಹತ್ತಿರದವರಿಂದಲೇ ಲೈಂಗಿಕ ದೌರ್ಜನ್ಯ ನಡೆಯಿತು. ಹದಿನಾಲ್ಕಕ್ಕೆ ಗರ್ಭಿಣಿ. ಅವಧಿಗೆ ಮುಂಚೆ ಹುಟ್ಟಿದ ಗಂಡು ಮಗು ಉಳಿಯಲಿಲ್ಲ. ಇದನ್ನೆಲ್ಲ ಓಪ್ರಾ ಮುಂದೆ ತಾವಾಗಿಯೇ ಹೇಳಿಕೊಂಡಿದ್ದಾರೆ, ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಅಷ್ಟು ಹೊತ್ತಿಗೆ ಅವರು ನ್ಯಾಶ್‌ವಿಲ್‌ನಲ್ಲಿದ್ದ ತಂದೆ ವರ್ನನ್ ವಿನ್‌ಫ್ರೇ ಮನೆ ಸೇರಿದ್ದರು. ವರ್ನನ್ ಕ್ಷೌರದಂಗಡಿ ನಡೆಸುತ್ತಿದ್ದರು. ಮುಂದೆ ಊರಿನ ಕೌನ್ಸಿಲ್ ಸದಸ್ಯರೂ ಆದರು. ಬಹಳ ಶಿಸ್ತಿನ ಮನುಷ್ಯ. ವಾರಕ್ಕೆ ಒಂದು ಪುಸ್ತಕ ಓದಿ ಅದರ ಬಗ್ಗೆ ಬರೆದು ತೋರಿಸಬೇಕು ಎಂಬುದು ಆ ಮನೆಯ ನಿಯಮ. ಮಗು ತೀರಿಕೊಂಡಾಗ ತಂದೆ ಮಗಳಿಗೆ ಹೇಳಿದ್ದು, ದೇವರು ನಿನಗೆ ಇನ್ನೊಂದು ಅವಕಾಶ ಕೊಟ್ಟಿದ್ದಾನೆ ಅಂತ. ಆ ಮಾತನ್ನು ಓಪ್ರಾ ಗಟ್ಟಿಯಾಗಿ ಹಿಡಿದುಕೊಂಡರು. ಹೈಸ್ಕೂಲಿನಲ್ಲಿ ಭಾಷಣ ಸ್ಪರ್ಧೆ, ಹದಿನೇಳಕ್ಕೆ ಸ್ಥಳೀಯ ರೇಡಿಯೋದಲ್ಲಿ ಸುದ್ದಿ ಓದುವ ಕೆಲಸ, ಟೆನೆಸಿ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿವೇತನ. ಇನ್ನೂ ಓದುತ್ತಿರುವಾಗಲೇ ನ್ಯಾಶ್‌ವಿಲ್‌ನ ಟಿವಿ ವಾಹಿನಿಯಲ್ಲಿ ಸುದ್ದಿ ವಾಚಕಿ. ಆ ಊರಿನ ಟಿವಿಯಲ್ಲಿ ಸುದ್ದಿ ಓದಿದ ಮೊದಲ ಕಪ್ಪು ವರ್ಣೀಯ ಮಹಿಳೆ ಅವರೇ.

ಇಲ್ಲಿಂದ ಮುಂದಿನದನ್ನು ನೀವು ಗಮನ ಇಟ್ಟು ಓದಬೇಕು. ಯಾಕೆಂದರೆ ಇದು ಸೋಲಿನ ಭಾಗ.

1976ರಲ್ಲಿ ಅವರಿಗೆ ಬಾಲ್ಟಿಮೋರ್ ನಗರದ ಡಬ್ಲ್ಯುಜೆಜೆಡ್ ವಾಹಿನಿಯಲ್ಲಿ ಸಂಜೆ ಆರು ಗಂಟೆಯ ಸುದ್ದಿ ಓದುವ ಕೆಲಸ ಸಿಕ್ಕಿತು. ಇಪ್ಪತ್ತೆರಡು ವರ್ಷದ ಹುಡುಗಿಗೆ ಅದು ದೊಡ್ಡ ಜಾಗ. ಒಂದು ವರ್ಷದೊಳಗೆ ಆ ಕುರ್ಚಿಯಿಂದ ಎಬ್ಬಿಸಿದರು. ವರದಿಗಾರಿಕೆಗೆ ಹಾಕಿದರೆ ಅಲ್ಲೂ ಹೊಂದಲಿಲ್ಲ. ಮನೆ ಸುಟ್ಟುಹೋದವರ ಮುಂದೆ ಮೈಕ್ ಹಿಡಿದು, ಈಗ ಹೇಗನ್ನಿಸುತ್ತಿದೆ ಅಂತ ಕೇಳುವುದು ಅವರಿಂದ ಆಗುತ್ತಿರಲಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು. ಸುದ್ದಿಮನೆಯ ಲೆಕ್ಕದಲ್ಲಿ ಅದು ದೋಷ. ಕೂದಲು ಸರಿಯಿಲ್ಲ, ಮುಖ ಸರಿಯಿಲ್ಲ ಅಂತಲೂ ಹೇಳಿ ಬ್ಯೂಟಿ ಪಾರ್ಲರಿಗೆ ಕಳಿಸಿದರು. ಅಲ್ಲಿ ಹಚ್ಚಿದ ರಾಸಾಯನಿಕಕ್ಕೆ ತಲೆಕೂದಲೇ ಉದುರಿಹೋಯಿತು.

ಕಾಂಟ್ರಾಕ್ಟ್ ಇನ್ನೂ ಬಾಕಿ ಇತ್ತು. ಹಾಗಾಗಿ 1978ರಲ್ಲಿ ಅವರನ್ನು ಬೆಳಗಿನ ಹರಟೆ ಕಾರ್ಯಕ್ರಮವೊಂದಕ್ಕೆ ತಳ್ಳಿದರು. ಜೊತೆಗೆ ರಿಚರ್ಡ್ ಶೇರ್ ಎಂಬ ಇನ್ನೊಬ್ಬ ನಿರೂಪಕ. ಸುದ್ದಿಯವರ ಕಣ್ಣಲ್ಲಿ ಅದು ಕೆಳಗಿನ ಮೆಟ್ಟಿಲು. ಮೊದಲ ದಿನದ ಅತಿಥಿಗಳಲ್ಲಿ ಒಬ್ಬರು ಐಸ್‌ಕ್ರೀಮ್ ವ್ಯಾಪಾರಿ. ಅವರ ಜೊತೆ ಸುಮ್ನೆ ಮಾತಾಡಿ ಎದ್ದಾಗ ಓಪ್ರಾಗೆ ತಮ್ಮ ಮನೆಗೆ ತಾವು ವಾಪಸ್ ಬಂದಂತೆ ಅನ್ನಿಸಿತಂತೆ. ಸುದ್ದಿ ಓದುವಾಗ ಯಾವುದು ದೋಷವಾಗಿತ್ತೋ ಇಲ್ಲಿ ಅದೇ ಗುಣವಾಯಿತು. ಎದುರಿಗಿದ್ದವರ ನೋವಿಗೆ ಮುಖ ತಿರುಗಿಸದೆ ಕೂರುವ ಗುಣ.

ಬಾಲ್ಟಿಮೋರಿನದೇ ಇನ್ನೊಂದು ಸಂಗತಿ ಇದೆ. ಜೊತೆಗಿದ್ದ ಗಂಡು ನಿರೂಪಕರಿಗೆ ಜಾಸ್ತಿ ಸಂಬಳ ಅಂತ ಗೊತ್ತಾದಾಗ ಅವರು ಮೇಲಿನವರ ಹತ್ತಿರ ಹೋಗಿ ಕೇಳಿದರು. ಅವರಿಗೆ ಮಕ್ಕಳಿದ್ದಾರೆ, ಮನೆ ನಡೆಸಬೇಕು, ನಿಮಗ್ಯಾಕೆ ಅಷ್ಟು ದುಡ್ಡು ಅನ್ನುವ ಉತ್ತರ ಬಂತು. ಓಪ್ರಾ ಜಗಳ ಮಾಡಲಿಲ್ಲ. ಇಲ್ಲಿ ನನಗೆ ಬೆಲೆ ಸಿಗುವುದಿಲ್ಲ ಎಂದು ತಿಳಿದುಕೊಂಡು, ಹೊರಡುವ ದಿನಕ್ಕೆ ಕಾದರು. ಮುಂದೆ ಶಿಕಾಗೋದಲ್ಲಿ ಕಾರ್ಯಕ್ರಮ ಗೆದ್ದು ತಮ್ಮ ಸಂಬಳ ಏರಿದಾಗ ತಮ್ಮ ಜೊತೆ ದುಡಿಯುತ್ತಿದ್ದ ಹುಡುಗಿಯರಿಗೂ ಏರಿಸಿ ಎಂದು ಕೇಳಿದರು. ಅವರು ಬರೀ ಹುಡುಗಿಯರು ತಾನೇ ಎಂದರು ಅಲ್ಲಿನ ಮೇಲಧಿಕಾರಿ. ಏರಿಸದಿದ್ದರೆ ನಾನು ಕೆಲಸ ಮಾಡುವುದಿಲ್ಲ ಎಂದರು ಓಪ್ರಾ. ಆಗ ಏರಿತು. ಬಾಲ್ಟಿಮೋರಿಗೂ ಶಿಕಾಗೋಗೂ ನಡುವೆ ಬದಲಾಗಿದ್ದು ಅವರ ಧೈರ್ಯ ಒಂದೇ ಅಂತ ತಿಳಿಯಬೇಡಿ. ಶಿಕಾಗೋದಲ್ಲಿ ಅವರಿಲ್ಲದೆ ಕಾರ್ಯಕ್ರಮವೇ ಇರಲಿಲ್ಲ.

ಶಿಕಾಗೋದ ಡಬ್ಲ್ಯುಎಲ್‌ಎಸ್ ವಾಹಿನಿಯಲ್ಲಿ ‘ಎಎಂ ಶಿಕಾಗೋ’ ಎಂಬ ಅರ್ಧ ಗಂಟೆಯ ಕಾರ್ಯಕ್ರಮ ರೇಟಿಂಗ್‌ನಲ್ಲಿ ಕೊನೆಯಲ್ಲಿತ್ತು. 1984ರ ಜನವರಿ 2ರಂದು ಓಪ್ರಾ ಅದನ್ನು ವಹಿಸಿಕೊಂಡರು. ಅದೇ ಊರಲ್ಲಿ ಫಿಲ್ ಡೊನಹ್ಯೂ ಎಂಬ ದೊಡ್ಡ ನಿರೂಪಕರಿದ್ದರು. ಪ್ರೇಕ್ಷಕರ ನಡುವೆ ಮೈಕ್ ಹಿಡಿದು ಓಡಾಡುವ ಪದ್ಧತಿಯನ್ನು ಅಮೆರಿಕಕ್ಕೆ ರೂಢಿ ಮಾಡಿಸಿದವರು ಅವರು. ಕೆಲವೇ ತಿಂಗಳಲ್ಲಿ ಓಪ್ರಾ ರೇಟಿಂಗ್‌ನಲ್ಲಿ ಡೊನಹ್ಯೂ ಅವರನ್ನು ದಾಟಿದರು. 1985ರಲ್ಲಿ ಕಾರ್ಯಕ್ರಮ ಒಂದು ಗಂಟೆಯದಾಯಿತು, ಅದಕ್ಕೆ ಅವರದೇ ಹೆಸರು ಬಂತು. ಅದೇ ವರ್ಷ ತೆರೆಕಂಡ ಸಿನಿಮಾವೊಂದರಲ್ಲಿ ಮಾಡಿದ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಆಯಿತು.

ಈಗ ದುಡ್ಡಿನ ವಿಷಯ. ಅಮೆರಿಕದ ದೊಡ್ಡ ಊರುಗಳಲ್ಲೆಲ್ಲ ಸ್ಥಳೀಯ ಟಿವಿ ಸ್ಟೇಷನ್‌ಗಳಿರುತ್ತವೆ. ರಾತ್ರಿ ಹೊತ್ತಿನ ಧಾರಾವಾಹಿಗಳು ದೊಡ್ಡ ನೆಟ್‌ವರ್ಕ್‌ಗಳಿಂದ ಬರುತ್ತವೆ. ಹಗಲಿನ ಎಷ್ಟೋ ಗಂಟೆಗಳನ್ನು ಸ್ಟೇಷನ್‌ಗಳು ತಾವೇ ಕಾರ್ಯಕ್ರಮ ಕೊಂಡುಕೊಂಡು ತುಂಬಿಸಬೇಕು. ಒಂದು ಕಾರ್ಯಕ್ರಮವನ್ನು ಹೀಗೆ ಊರೂರಿನ ಸ್ಟೇಷನ್‌ಗೆ ಪ್ರತ್ಯೇಕವಾಗಿ ಮಾರುವುದಕ್ಕೆ ಸಿಂಡಿಕೇಷನ್ ಅನ್ನುತ್ತಾರೆ. ನೂರು ಸ್ಟೇಷನ್ ಕೊಂಡರೆ ನೂರು ಕಡೆಯಿಂದ ಹಣ. ಜೊತೆಗೆ ಜಾಹೀರಾತಿನ ಸಮಯದಲ್ಲೂ ಪಾಲು. ಹಕ್ಕು ಯಾರದ್ದೋ ಈ ಹಣವೂ ಅವರದ್ದು. ನಿರೂಪಕರಿಗೆ ಸಂಬಳ ಮಾತ್ರ.

ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ಒಂದು ಸಂಜೆ ಓಪ್ರಾ ಜೊತೆ ಊಟಕ್ಕೆ ಹೋಗಿದ್ದಾಗ ಈ ಲೆಕ್ಕವನ್ನು ಕಾಗದದ ಕರವಸ್ತ್ರದ ಮೇಲೆ ಬರೆದು ತೋರಿಸಿದರಂತೆ. ಈಬರ್ಟ್ ಅವರದ್ದು ವಾರಕ್ಕೊಮ್ಮೆ ಅರ್ಧ ಗಂಟೆಯ ಕಾರ್ಯಕ್ರಮ, ಅದರಲ್ಲೂ ಇನ್ನೊಬ್ಬರ ಜೊತೆ ಪಾಲು. ತಮ್ಮ ಆದಾಯ ಬರೆದರು. ಓಪ್ರಾಗೆ ಪಾಲುದಾರರಿಲ್ಲ, ಅದಕ್ಕೆ ಎರಡರಿಂದ ಗುಣಿಸು. ಅರ್ಧದ ಬದಲು ಒಂದು ಗಂಟೆ, ಮತ್ತೆ ಎರಡು. ವಾರಕ್ಕೆ ಐದು ದಿನ, ಐದರಿಂದ ಗುಣಿಸು. ನೋಡುವವರು ಕಡಿಮೆ ಅಂದರೂ ಎರಡು ಪಟ್ಟು. ಒಟ್ಟು ನಲವತ್ತು ಪಟ್ಟು. ಸಿಂಡಿಕೇಷನ್‌ಗೆ ಹೋಗುತ್ತೇನೆ ಎಂದು ಓಪ್ರಾ ನಿರ್ಧರಿಸಿದ್ದು ಆವತ್ತು.

1986ರ ಸೆಪ್ಟೆಂಬರ್ 8ರಂದು ಕಾರ್ಯಕ್ರಮ ದೇಶದಾದ್ಯಂತ ಶುರುವಾಯಿತು. ಅದೇ ವರ್ಷ ವಕೀಲ ಜೆಫ್ ಜೇಕಬ್ಸ್ ಅವರ ಸಲಹೆಯಂತೆ ಸ್ವಂತ ಕಂಪನಿ ಕಟ್ಟಿದರು. ಹೆಸರು ಹಾರ್ಪೊ. ಓಪ್ರಾ ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಿಂದುಮುಂದಾಗಿ ಓದಿದರೆ ಹಾರ್ಪೊ. 1988ರಲ್ಲಿ ಕಾರ್ಯಕ್ರಮದ ಒಡೆತನವೇ ಶಿಕಾಗೋ ವಾಹಿನಿಯ ಒಡೆಯರಾದ ಎಬಿಸಿ ಕಂಪನಿಯಿಂದ ಹಾರ್ಪೊಗೆ ಬಂತು. ಆಮೇಲೆ ಶಿಕಾಗೋದಲ್ಲಿ ಸ್ವಂತ ಸ್ಟುಡಿಯೋ. ಅಮೆರಿಕದ ಮನರಂಜನಾ ಲೋಕದಲ್ಲಿ ನಟಿಯರಾದ ಮೇರಿ ಪಿಕ್‌ಫರ್ಡ್, ಲೂಸಿಲ್ ಬಾಲ್ ಬಿಟ್ಟರೆ ಸ್ವಂತ ಸ್ಟುಡಿಯೋ ಹೊಂದಿದ ಮೂರನೇ ಮಹಿಳೆ ಅವರು. 2003ರಲ್ಲಿ ಫೋರ್ಬ್ಸ್ ಪತ್ರಿಕೆಯ ಶತಕೋಟಿ ಡಾಲರ್ ಪಟ್ಟಿಗೆ ಸೇರಿದ ಮೊದಲ ಆಫ್ರಿಕನ್ ಅಮೆರಿಕನ್ ಮಹಿಳೆಯಾದರು. ನಡುವಿನ ಹದಿನೈದು ವರ್ಷದಲ್ಲಿ ಆಗಿದ್ದು ಇಷ್ಟೇ. ಪ್ರತಿದಿನದ ಒಂದು ಗಂಟೆ ಅವರ ಸ್ವಂತ ಹೊಲವಾಯಿತು. ಗುತ್ತಿಗೆಗೆ ಉಳುವುದಕ್ಕೂ ಸ್ವಂತ ಹೊಲ ಉಳುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಹಾವೇರಿ ಕಡೆಯ ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಮಾತಿನ ಕಲೆ. ಜನ ಹೇಳಿಕೊಳ್ಳಲು ನಾಚುವ ವಿಷಯವನ್ನು ಓಪ್ರಾ ಮೊದಲು ತಮ್ಮ ಬಗ್ಗೆ ಹೇಳಿಕೊಂಡರು. 1986ರಲ್ಲಿ ಲೈಂಗಿಕ ದೌರ್ಜನ್ಯದ ಕುರಿತ ಕಂತೊಂದರಲ್ಲಿ, ನನಗೂ ಹೀಗಾಗಿತ್ತು ಎಂದರು. ಆಗ ಟಿವಿಯಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ. 1987ರ ಫೆಬ್ರವರಿಯಲ್ಲಿ ಜಾರ್ಜಿಯಾ ರಾಜ್ಯದ ಫೋರ್ಸೈತ್ ಕೌಂಟಿಗೆ ಹೋದರು. ಅಲ್ಲಿಂದ 1912ರಲ್ಲಿ ಕಪ್ಪು ವರ್ಣೀಯರನ್ನೆಲ್ಲ ಓಡಿಸಿದ್ದರು. 75 ವರ್ಷ ಕಳೆದರೂ ಯಾರನ್ನೂ ನೆಲೆಸಲು ಬಿಟ್ಟಿರಲಿಲ್ಲ. ಅಂಥ ಊರಲ್ಲಿ, ಅಲ್ಲಿನ ಬಿಳಿಯರನ್ನೇ ಕೂರಿಸಿಕೊಂಡು, ಯಾಕೆ ಹೀಗೆ ಅಂತ ಕೇಳಿದರು. ದನಿ ಏರಿಸಲಿಲ್ಲ. ಕೆಲವರು ಕ್ಯಾಮೆರಾ ಮುಂದೆಯೇ ತಮ್ಮ ದ್ವೇಷವನ್ನು ಬಿಚ್ಚಿ ಹೇಳಿದರು. ಅವರು ಮಾಡಿದ ಸಾವಿರಾರು ಕಂತುಗಳಲ್ಲಿ ಅತಿ ಧೈರ್ಯದ್ದು ಇದು ಅಂತ ನನ್ನ ಅಭಿಪ್ರಾಯ.

1993ರ ಫೆಬ್ರವರಿ 10ರಂದು ಮೈಕಲ್ ಜಾಕ್ಸನ್ ಅವರ ಮನೆಯಿಂದಲೇ ನೇರ ಪ್ರಸಾರದ ಸಂದರ್ಶನ ಮಾಡಿದರು. ಸುಮಾರು 9 ಕೋಟಿ ಜನ ನೋಡಿದರು. ಮೈಬಣ್ಣ ಯಾಕೆ ಬೆಳ್ಳಗಾಯಿತು ಎಂದು ಕೇಳಿದಾಗ, ತಮಗೆ ಚರ್ಮದ ಬಣ್ಣ ಹೋಗುವ ಕಾಯಿಲೆ ಇದೆ ಎಂದು ಜಾಕ್ಸನ್ ಮೊದಲ ಬಾರಿ ಬಾಯಿ ಬಿಟ್ಟು ಹೇಳಿದರು. ನಾವು ತೊನ್ನು ಅನ್ನುತ್ತೇವಲ್ಲ, ಅದೇ. ಎಷ್ಟೋ ವರ್ಷದಿಂದ ಲೇವಡಿಯಾಗಿದ್ದ ವಿಷಯ ಒಂದು ಪ್ರಶ್ನೆಯಿಂದ ಕಾಯಿಲೆಯ ವಿಷಯವಾಯಿತು. ನಮ್ಮ ಊರುಗಳಲ್ಲಿ ಇವತ್ತಿಗೂ ತೊನ್ನು ಇರುವ ಹುಡುಗಿಗೆ ಗಂಡು ಸಿಗುವುದು ಕಷ್ಟ. ಅದಕ್ಕೇ ಆ ಸಂದರ್ಶನ ನನಗೆ ಮುಖ್ಯ ಅನ್ನಿಸುತ್ತದೆ.

ಇಷ್ಟು ನಂಬಿಕೆ ಗಳಿಸಿದವರ ಮಾತಿಗೆ ಬಲ ಬಂದೇ ಬರುತ್ತದೆ. 1996ರ ಸೆಪ್ಟೆಂಬರಿನಲ್ಲಿ ಪುಸ್ತಕ ಬಳಗ ಶುರು ಮಾಡಿದರು. ಅವರು ಒಂದು ಕಾದಂಬರಿ ಹೆಸರಿಸಿದರೆ ಲಕ್ಷಗಟ್ಟಲೆ ಪ್ರತಿ ಮಾರಾಟ ಆಗುತ್ತಿತ್ತು. ನೊಬೆಲ್ ಪಡೆದ ಟೋನಿ ಮಾರಿಸನ್ ಅವರ ನಾಲ್ಕು ಪುಸ್ತಕಗಳನ್ನು ಹೀಗೆ ಮನೆಮನೆಗೆ ಮುಟ್ಟಿಸಿದರು. ಅಪ್ಪನ ಮನೆಯ ವಾರಕ್ಕೊಂದು ಪುಸ್ತಕದ ನಿಯಮ ಇಡೀ ದೇಶಕ್ಕೆ ಹರಡಿದಂತಾಯಿತು. ಅದೇ ವರ್ಷ, ದನದ ಮಾಂಸದ ಮೂಲಕ ಮನುಷ್ಯರಿಗೂ ಬರಬಹುದಾದ ಹುಚ್ಚು ಹಸು ರೋಗದ ಬಗ್ಗೆ ಒಂದು ಕಂತು ಮಾಡಿ, ಇನ್ನು ಬರ್ಗರ್ ತಿನ್ನುವುದಿಲ್ಲ ಎಂಬ ಅರ್ಥದ ಮಾತಾಡಿದರು. ದನದ ಬೆಲೆ ಕುಸಿಯಿತು ಎಂದು ಟೆಕ್ಸಸ್‌ನ ದನಸಾಕಣೆಗಾರರು ಮೊಕದ್ದಮೆ ಹೂಡಿದರು. ವಿಚಾರಣೆ ನಡೆದ ಅಮರಿಲ್ಲೊ ಊರಿಗೇ ಓಪ್ರಾ ತಮ್ಮ ಕಾರ್ಯಕ್ರಮ ಎತ್ತಿಕೊಂಡು ಹೋದರು. ಹಗಲು ಕೋರ್ಟ್, ಸಂಜೆ ಚಿತ್ರೀಕರಣ. 1998ರ ಫೆಬ್ರವರಿಯಲ್ಲಿ ಜ್ಯೂರಿ ಅವರ ಪರ ತೀರ್ಪು ಕೊಟ್ಟಿತು. ಸ್ಟುಡಿಯೋ, ಸಿಬ್ಬಂದಿ, ಕಾರ್ಯಕ್ರಮ ಎಲ್ಲವೂ ಸ್ವಂತದ್ದು. ಇಲ್ಲದಿದ್ದರೆ ಇಷ್ಟು ದಿನ ಹೀಗೆ ನಿಂತು ಹೋರಾಡುವುದು ಕಷ್ಟವಿತ್ತು.

ಅವರ ತಪ್ಪುಗಳನ್ನೂ ಹೇಳಬೇಕು, ಇಲ್ಲದಿದ್ದರೆ ನಿಮಗೆ ಅನ್ಯಾಯ ಮಾಡಿದಂತೆ. ಶುರುವಿನ ವರ್ಷಗಳಲ್ಲಿ ಜಗಳ, ಅಕ್ರಮ ಸಂಬಂಧ, ಕಣ್ಣೀರು ಇಂಥವನ್ನೇ ಅವರೂ ತೋರಿಸಿದ್ದಾರೆ. ತೊಂಬತ್ತರ ದಶಕದ ಮಧ್ಯದಲ್ಲಿ, ಇನ್ನು ಇದು ಸಾಕು ಎಂದು ದಾರಿ ಬದಲಿಸಿದರು. ರೇಟಿಂಗ್ ಕಡಿಮೆಯಾದರೂ ವಾಪಸ್ ಹೋಗಲಿಲ್ಲ. ಆರೋಗ್ಯದ ವಿಷಯದಲ್ಲಿ ಆದ ತಪ್ಪು ಇದಕ್ಕಿಂತ ದೊಡ್ಡದು. 2007ರಲ್ಲಿ, ಲಸಿಕೆಯಿಂದ ಮಗುವಿಗೆ ಆಟಿಸಂ ಬಂತು ಎಂದು ನಂಬಿದ್ದ ನಟಿಯೊಬ್ಬರಿಗೆ ದೊಡ್ಡ ವೇದಿಕೆ ಕೊಟ್ಟರು. ವಿಜ್ಞಾನ ಆ ಮಾತನ್ನು ಒಪ್ಪುವುದಿಲ್ಲ. ಆದರೆ ಆವತ್ತು ಟಿವಿ ನೋಡಿದ ತಾಯಂದಿರಿಗೆ ಕಂಡಿದ್ದು ಅಳುತ್ತಿರುವ ಇನ್ನೊಬ್ಬ ತಾಯಿ. ಮನಸ್ಸಿನಲ್ಲಿ ಗಟ್ಟಿಯಾಗಿ ಬಯಸಿದರೆ ಎಲ್ಲ ಸಿಗುತ್ತದೆ ಎನ್ನುವ ಪುಸ್ತಕಕ್ಕೂ ಅವರ ಬೆಂಬಲ ಸಿಕ್ಕಿತು. ಎದುರಿಗಿದ್ದವರ ನೋವನ್ನು ನಂಬುವುದು ಅವರ ದೊಡ್ಡ ಗುಣ ಎಂದೆನಲ್ಲ. ನೋವು ನಿಜ ಇರಬಹುದು, ಕಾರಣ ತಪ್ಪಿರಬಹುದು. ಈ ಎರಡನ್ನೂ ಬೇರೆ ಮಾಡಿ ನೋಡುವವರು ಸ್ಟುಡಿಯೋದಲ್ಲಿ ಒಬ್ಬರಾದರೂ ಇರಬೇಕಿತ್ತು.

ನಮ್ಮ ದೇಶಕ್ಕೂ ಬಂದಿದ್ದರು, 2012ರ ಜನವರಿಯಲ್ಲಿ. ಜೈಪುರದ ಸಾಹಿತ್ಯೋತ್ಸವಕ್ಕೆ ಬಂದರು, ವೃಂದಾವನದ ವಿಧವೆಯರನ್ನು ಭೇಟಿಯಾದರು. ಮುಂಬೈಯ ಮನೆಯೊಂದರಲ್ಲಿ ಊಟಕ್ಕೆ ಕೂತಾಗ, ಭಾರತದಲ್ಲಿ ಕೆಲವರು ಇನ್ನೂ ಕೈಯಲ್ಲೇ ತಿನ್ನುತ್ತಾರಂತೆ ಹೌದಾ ಎಂಬಂತೆ ಕೇಳಿದರು. ಆ ‘ಇನ್ನೂ’ ಎಂಬ ಪದ ಇಲ್ಲಿ ಬಹಳ ಜನಕ್ಕೆ ನೋವು ಮಾಡಿತು, ನನಗೂ ಮಾಡಿತು. ಅಜ್ಜಿಯ ಕೈತುತ್ತಿನಲ್ಲಿ ಬೆಳೆದವರಿಗೆ ಆ ಮಾತು ಹೇಗೆ ಕೇಳಿಸುತ್ತದೆ ಅಂತ ಅವರ ತಂಡದಲ್ಲಿ ಯಾರಿಗೂ ಹೊಳೆಯಲಿಲ್ಲ.

ದಾನದ ಪ್ರಶ್ನೆಗೆ ಬರೋಣ. ಓಪ್ರಾ ಕೊಟ್ಟಿದ್ದರಲ್ಲಿ ಎರಡು ಬಗೆ ಇದೆ. ಅದನ್ನು ಬೇರೆ ಮಾಡದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಒಂದು, ಟಿವಿಯಲ್ಲಿ ಕೊಟ್ಟಿದ್ದು. 2004ರ ಸೆಪ್ಟೆಂಬರ್ 13ರಂದು ಸ್ಟುಡಿಯೋದಲ್ಲಿದ್ದ ಎಲ್ಲರಿಗೂ ಒಂದೊಂದು ಹೊಸ ಕಾರು ಕೊಟ್ಟರು. ಒಟ್ಟು 276 ಕಾರು. ನೀವೂ ಆ ವಿಡಿಯೋ ನೋಡಿರಬಹುದು. ಕಾರಿನ ಅಗತ್ಯ ನಿಜಕ್ಕೂ ಇದ್ದವರನ್ನೇ ಆರಿಸಿ ಕರೆಸಿದ್ದರು, ಅದು ಒಳ್ಳೆಯದೇ. ಆದರೆ ಕಾರು ಕೊಟ್ಟಿದ್ದು ಕಾರಿನ ಕಂಪನಿ. ಬಹುಮಾನಕ್ಕೆ ಆದಾಯ ತೆರಿಗೆ ಇದೆ, ಅದು ಪಡೆದವರ ತಲೆಗೆ ಬಂತು. ಕೆಲವರಿಗೆ 7,000 ಡಾಲರ್‌ವರೆಗೂ. ಕಾರಿಲ್ಲದೆ ಕಷ್ಟಪಡುತ್ತಿದ್ದವರು ಅಷ್ಟು ಹಣ ಎಲ್ಲಿಂದ ತರಬೇಕು? ಆ ಕಂತನ್ನು ಪ್ರಚಾರ ಎಂದು ನೀವು ಕರೆದರೆ ನಾನು ಅಡ್ಡ ಬರುವುದಿಲ್ಲ.

ಎರಡನೆಯದು ಕ್ಯಾಮೆರಾ ಹೋದ ಮೇಲೂ ವರ್ಷಗಟ್ಟಲೆ ಉಳಿದದ್ದು. ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನಲ್ಲಿ, ಅಂದರೆ ಮಾರ್ಟಿನ್ ಲೂಥರ್ ಕಿಂಗ್ ಓದಿದ ಕಾಲೇಜಿನಲ್ಲಿ, 1989ರಲ್ಲಿ ವಿದ್ಯಾರ್ಥಿವೇತನ ಶುರು ಮಾಡಿದರು. 2019ಕ್ಕೆ ಅವರು ಕೊಟ್ಟಿದ್ದು ಒಟ್ಟು 2.5 ಕೋಟಿ ಡಾಲರ್ ಆಯಿತು. ಸುಮಾರು 600 ಹುಡುಗರು ಅದರಿಂದ ಓದಿದರು. ವಾಷಿಂಗ್ಟನ್‌ನಲ್ಲಿ 2016ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ಇತಿಹಾಸದ ಮ್ಯೂಸಿಯಂಗೆ 2 ಕೋಟಿ ಡಾಲರಿಗೂ ಹೆಚ್ಚು. 1998ರಿಂದ 2010ರವರೆಗೆ ನಡೆದ ಏಂಜೆಲ್ ನೆಟ್‌ವರ್ಕ್ ಎಂಬ ಅವರ ದಾನ ಸಂಸ್ಥೆ ಪ್ರೇಕ್ಷಕರಿಂದ 8 ಕೋಟಿ ಡಾಲರಿಗೂ ಹೆಚ್ಚು ಸಂಗ್ರಹಿಸಿತು. ಅದರ ಕಚೇರಿ ಖರ್ಚನ್ನು ಓಪ್ರಾ ತಾವೇ ಭರಿಸಿದರು. ಹಾಗಾಗಿ ಜನ ಕೊಟ್ಟ ಹಣ ಪೂರ್ತಿ ಕೆಲಸಕ್ಕೆ ಹೋಯಿತು. ದುಡ್ಡಿನ ಲೆಕ್ಕಕ್ಕೆ ಸಿಗದ ಕೆಲಸವೂ ಒಂದಿದೆ. 1991ರಲ್ಲಿ ಅವರು ಅಮೆರಿಕದ ಸೆನೆಟ್ ಸಮಿತಿ ಮುಂದೆ ಕೂತು, ಮಕ್ಕಳ ಮೇಲೆ ದೌರ್ಜನ್ಯ ಮಾಡಿ ಶಿಕ್ಷೆಯಾದವರ ದೇಶವ್ಯಾಪಿ ಪಟ್ಟಿ ಬೇಕು ಎಂದು ಒತ್ತಾಯಿಸಿದರು. ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಅಂಥವರು ಬಾರದಂತೆ ಪರೀಕ್ಷಿಸಲು ಆ ಪಟ್ಟಿ. 1993ರ ಡಿಸೆಂಬರ್ 20ರಂದು ಅಧ್ಯಕ್ಷ ಕ್ಲಿಂಟನ್ ಅದರ ಕಾನೂನಿಗೆ ಸಹಿ ಹಾಕಿದರು. ಒಂಬತ್ತನೇ ವಯಸ್ಸಿನಲ್ಲಿ ತಮ್ಮನ್ನು ಯಾರೂ ಕಾಯಲಿಲ್ಲ. ಆ ಹುಡುಗಿ ದೊಡ್ಡವಳಾಗಿ ಬೇರೆ ಮಕ್ಕಳನ್ನು ಕಾಯಲು ಕಾನೂನು ಮಾಡಿಸಿದಳು. ಬೇರೆ ಏನೂ ಮಾಡದಿದ್ದರೂ ಇದೊಂದಕ್ಕೆ ನಾನು ಅವರಿಗೆ ಕೈ ಮುಗಿಯುತ್ತೇನೆ.

ದಕ್ಷಿಣ ಆಫ್ರಿಕಾದ ಶಾಲೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೆಲ್ಸನ್ ಮಂಡೇಲಾ ಅವರ ಮನೆಯಲ್ಲಿ ಅತಿಥಿಯಾಗಿದ್ದಾಗ ನಡೆದ ಮಾತುಕತೆಯಲ್ಲಿ, ಬಡ ಹೆಣ್ಣುಮಕ್ಕಳಿಗೆ ಒಂದು ಶಾಲೆ ಕಟ್ಟಿಸುತ್ತೇನೆ ಎಂದು ಮಾತು ಕೊಟ್ಟರು. ಮೊದಲು ಹೇಳಿದ ಮೊತ್ತ 1 ಕೋಟಿ ಡಾಲರ್. ಕೊನೆಗೆ ಖರ್ಚಾಗಿದ್ದು 4 ಕೋಟಿ. 2007ರ ಜನವರಿ 2ರಂದು ಜೊಹಾನ್ಸ್‌ಬರ್ಗ್ ಹತ್ತಿರದ ಹೆನ್ಲಿ ಆನ್ ಕ್ಲಿಪ್ ಎಂಬಲ್ಲಿ ಶಾಲೆ ತೆರೆಯಿತು. ಮಂಡೇಲಾ ಬಂದಿದ್ದರು. ಸುಮಾರು 3,500 ಅರ್ಜಿಗಳಲ್ಲಿ 152 ಹುಡುಗಿಯರನ್ನು ಆರಿಸಿದರು. ಬಡ ದೇಶದಲ್ಲಿ ಇಷ್ಟು ಚೆಂದದ ಹಾಸಿಗೆ, ಗ್ರಂಥಾಲಯ, ರಂಗಮಂದಿರ ಯಾಕೆ, ಅದೇ ದುಡ್ಡಲ್ಲಿ ಇನ್ನೂ ಎಷ್ಟೋ ಶಾಲೆ ಆಗುತ್ತಿತ್ತಲ್ಲ ಎಂಬ ಟೀಕೆ ಬಂತು. ಅದು ಸುಮ್ಮನೆ ತಳ್ಳಿಹಾಕುವ ಟೀಕೆ ಅಲ್ಲ. ಆದರೆ ಬಡವರ ಮಕ್ಕಳಿಗೆ ಚೆಂದದ್ದು ಯಾಕೆ ಎಂದು ಕೇಳುವವರು ಶ್ರೀಮಂತರ ಶಾಲೆಗೆ ಆ ಪ್ರಶ್ನೆ ಕೇಳುವುದಿಲ್ಲ, ಅಲ್ವಾ?

ಶಾಲೆ ಶುರುವಾದ ವರ್ಷವೇ ಕೆಟ್ಟ ಸುದ್ದಿ ಬಂತು. ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಮಹಿಳೆ ಮಕ್ಕಳ ಮೇಲೆ ದೌರ್ಜನ್ಯ ಮಾಡಿದರು ಎಂಬ ಆರೋಪ. ತಾವು ಕಟ್ಟಿದ ಜಾಗದಲ್ಲೇ, ತಮಗೆ ಆದದ್ದೇ. ಓಪ್ರಾ ತಕ್ಷಣ ಅಲ್ಲಿಗೆ ಹಾರಿದರು, ಪೋಷಕರ ಮುಂದೆ ಕ್ಷಮೆ ಕೇಳಿದರು, ತನಿಖೆಗೆ ತಾವೇ ಜನರನ್ನು ನೇಮಿಸಿದರು. ನ್ಯಾಯಾಲಯ 2010ರಲ್ಲಿ ಆರೋಪಿಯನ್ನು ಖುಲಾಸೆ ಮಾಡಿತು. ಅಂಥ ಹೊತ್ತಲ್ಲಿ ಎಷ್ಟೋ ದಾನಿಗಳು ಹೆಸರು ಕೆಟ್ಟೀತು ಎಂದು ಕೈ ತೊಳೆದುಕೊಳ್ಳುತ್ತಾರೆ. ಇವರು ಬಿಡಲಿಲ್ಲ. 2012ರ ಜನವರಿಯಲ್ಲಿ ಮೊದಲ ತಂಡದ 72 ಹುಡುಗಿಯರು ಶಾಲೆ ಮುಗಿಸಿ ವಿಶ್ವವಿದ್ಯಾಲಯಗಳಿಗೆ ಹೋದರು. ಹೀಗಾಗಿ ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಕಾರು ಕೊಟ್ಟಿದ್ದು ಒಂದು ದಿನದ ಖುಷಿ. ಶಾಲೆ ಮತ್ತು ವಿದ್ಯಾರ್ಥಿವೇತನದಿಂದ ನಿಜಕ್ಕೂ ಉಪಯೋಗ ಆಗಿದೆ. ಅಲ್ಲಿ ಅವರು ಹಣದ ಜೊತೆ ತಮ್ಮ ವರ್ಷಗಳನ್ನೂ ಹಾಕಿದ್ದಾರೆ.

ಕಾರ್ಯಕ್ರಮ 2011ರ ಮೇ 25ರಂದು ಮುಗಿಯಿತು. 25 ವರ್ಷ, 4,561 ಕಂತು. ಆ ವರ್ಷ ಶುರುವಾದ ಅವರ ಸ್ವಂತ ವಾಹಿನಿ ಮೊದಲೆರಡು ವರ್ಷ ತುಂಬಾ ಕಷ್ಟಪಟ್ಟಿತು, ಆಮೇಲೆ ಚೇತರಿಸಿಕೊಂಡಿತು. 2013ರಲ್ಲಿ ಅಧ್ಯಕ್ಷ ಒಬಾಮಾ ಅವರಿಂದ ದೇಶದ ಅತ್ಯುನ್ನತ ನಾಗರಿಕ ಗೌರವ ಬಂತು. ತೂಕದ ವಿಷಯದಲ್ಲಿ ಅವರು ಜೀವನಪೂರ್ತಿ ಜನರ ಕಣ್ಣಿನಡಿಯಲ್ಲೇ ಬದುಕಿದರು. 1988ರಲ್ಲಿ 67 ಪೌಂಡ್ ಕೊಬ್ಬನ್ನು ಗಾಡಿಯಲ್ಲಿ ತಳ್ಳಿಕೊಂಡು ಬಂದು, ಇಷ್ಟು ಇಳಿಸಿದೆ ಎಂದು ತೋರಿಸಿದ್ದರು. 2023ರಲ್ಲಿ ಔಷಧಿಯ ಸಹಾಯ ತೆಗೆದುಕೊಳ್ಳುತ್ತಿದ್ದೇನೆ ಎಂದು ಹೇಳಿಕೊಂಡರು. ಮರುವರ್ಷ ತೂಕ ಇಳಿಸುವ ಕಂಪನಿಯ ನಿರ್ದೇಶಕ ಸ್ಥಾನ ಬಿಟ್ಟು, ಅಲ್ಲಿನ ತಮ್ಮ ಷೇರುಗಳನ್ನು ಆ ವಾಷಿಂಗ್ಟನ್ ಮ್ಯೂಸಿಯಂಗೇ ಕೊಡುವುದಾಗಿ ಹೇಳಿದರು.

ನೀವು ಕಲಿಯಬೇಕಾದ್ದು ಏನು ಅಂತ ಕೇಳಿದ್ದೀರಿ. ನಾಳೆ ನಿಮಗೆ ಒಂದು ವಾಹಿನಿಯಲ್ಲೋ ಯೂಟ್ಯೂಬ್ ಚಾನೆಲ್‌ನಲ್ಲೋ ಕೆಲಸ ಸಿಗುತ್ತದೆ. ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ನೀವೂ ಕೇಳಿ. ಜೊತೆಗೆ ಇದನ್ನೂ ಕೇಳಿ: ಚಾನೆಲ್ ಯಾರ ಹೆಸರಿನಲ್ಲಿದೆ? ಕಾರ್ಯಕ್ರಮದ ಕಲ್ಪನೆ ನಿಮ್ಮದಾದರೆ ಹಕ್ಕು ಯಾರದ್ದು? ನೀವು ಬಿಟ್ಟು ಹೋದ ಮೇಲೆ ಹಳೆಯ ಕಂತುಗಳಿಂದ ಬರುವ ಹಣ ಯಾರಿಗೆ? ನನ್ನ ಕಾಲದಲ್ಲಿ ನಾನು ಇದನ್ನು ಕೇಳಲಿಲ್ಲ. ನಾನೇ ರೂಪಿಸಿದ ಒಂದು ಕಾರ್ಯಕ್ರಮ ನಾನು ಬಿಟ್ಟ ಮೇಲೂ ನಾಲ್ಕು ವರ್ಷ ನಡೆಯಿತು, ನನ್ನ ಹೆಸರು ಎಲ್ಲೂ ಬರಲಿಲ್ಲ. ಕಾಂಟ್ರಾಕ್ಟ್ ಓದಿಸಲು ಒಬ್ಬ ವಕೀಲರಿಗೆ ಕೊಡುವ ಫೀಸು ವ್ಯರ್ಥ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಕೇಳಿಸಿಕೊಳ್ಳುವುದನ್ನು ಕಲಿಯಲು ಒಂದು ಅಭ್ಯಾಸ ಹೇಳುತ್ತೇನೆ, ನನ್ನ ವಿದ್ಯಾರ್ಥಿಗಳಿಗೂ ಕೊಡುತ್ತೇನೆ. 2021ರ ಮಾರ್ಚ್‌ನಲ್ಲಿ ಓಪ್ರಾ ಬ್ರಿಟನ್ನಿನ ರಾಜಕುಮಾರ ಹ್ಯಾರಿ ಮತ್ತು ಅವರ ಪತ್ನಿ ಮೇಗನ್ ಅವರನ್ನು ಸಂದರ್ಶಿಸಿದರು. ಅದರಲ್ಲಿ ಮೇಗನ್‌ಗೆ ಒಂದು ಪ್ರಶ್ನೆ ಕೇಳುತ್ತಾರೆ: ನೀವು ಸುಮ್ಮನಿದ್ದಿರಾ, ಇಲ್ಲ ನಿಮ್ಮನ್ನು ಸುಮ್ಮನಿರಿಸಿದರಾ? ಪ್ರಶ್ನೆ ಎಷ್ಟು ಚಿಕ್ಕದು ನೋಡಿ. ಆ ಭಾಗವನ್ನು ಮೊದಲು ದನಿ ತೆಗೆದು ನೋಡಿ. ಓಪ್ರಾ ಅವರ ಮುಖ ಮಾತ್ರ ಗಮನಿಸಿ. ಆಮೇಲೆ ದನಿ ಇಟ್ಟು, ಪ್ರಶ್ನೆ ಕೇಳಿದ ಮೇಲೆ ಅವರು ಎಷ್ಟು ಸೆಕೆಂಡ್ ಬಾಯಿ ಮುಚ್ಚಿಕೊಂಡಿರುತ್ತಾರೆ ಅಂತ ಎಣಿಸಿ. ಮುಂದಿನ ವಾರ ನಿಮ್ಮ ಊರಲ್ಲೇ ಒಬ್ಬರನ್ನು, ಅಂಗನವಾಡಿ ಶಿಕ್ಷಕಿಯನ್ನೋ ಏಲಕ್ಕಿ ಹಾರ ಮಾಡುವವರನ್ನೋ, ಮೊಬೈಲ್ ಇಟ್ಟು ಮಾತಾಡಿಸಿ. ನಿಮ್ಮ ಮಾತು ಎಷ್ಟು ನಿಮಿಷ, ಅವರ ಮಾತು ಎಷ್ಟು ನಿಮಿಷ ಎಂದು ಬರೆದಿಟ್ಟುಕೊಳ್ಳಿ. ಆ ಲೆಕ್ಕವನ್ನು ನನಗೆ ಕಳಿಸಿದರೆ ಮುಂದಿನ ಮಾತು ಅಲ್ಲಿಂದ ಆಡೋಣ.